ಅಳಿಸಲು ಒಪ್ಪದ ಬ್ಲಾಕ್

ನಾನು ಸಹಿ ಹಾಕಬೇಕಿದ್ದ ವರದಿಯಲ್ಲಿ ಎರಡೇ ಸಾಲು ಇತ್ತು. ‘ಉಪಕರಣದ ಪ್ಲಗ್ಗನ್ನು ಪದೇ ಪದೇ ಕಿತ್ತಿರುವುದರಿಂದ ಮೆಮೊರಿಯಲ್ಲಿದ್ದ ದಾಖಲೆ ಅಳಿಸಿಹೋಗಿದೆ. ಇದು ಬಳಕೆದಾರರ ತಪ್ಪು.’ ಕೆಳಗೆ ನನ್ನ ಹೆಸರು ಆಗಲೇ ಟೈಪಾಗಿತ್ತು. ಆ ಉಪಕರಣ ಇನ್ನೂ ನನ್ನ ಮೇಜಿಗೆ ಬಂದಿರಲಿಲ್ಲ, ತೀರ್ಪು ಮಾತ್ರ ಬಂದಿತ್ತು.

ನಮ್ಮದು ಮೈಸೂರಿನ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಕಂಪನಿ. ಆಸ್ಪತ್ರೆಗಳಲ್ಲಿ ಲಸಿಕೆ ಇಡುವ ಫ್ರಿಜ್ಜಿನ ಮೇಲೆ ಕೂರುವ ಒಂದು ಪೆಟ್ಟಿಗೆ ತಯಾರಿಸುತ್ತೇವೆ. ಫ್ರಿಜ್ಜಿನೊಳಗೆ ಎಷ್ಟು ತಂಪಿದೆ ಎಂದು ಅದು ನಿಮಿಷ ನಿಮಿಷಕ್ಕೂ ಅಳೆದು ತನ್ನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡುತ್ತದೆ. ತಿಂಗಳಿಗೊಮ್ಮೆ ಆಸ್ಪತ್ರೆಯವರು ಅದನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳುತ್ತಾರೆ. ಆ ಮೆಮೊರಿ ಚಿಪ್ಪಿಗೂ ಅದರ ಮೇಲೆ ದಾಖಲೆಗಳನ್ನು ಜೋಡಿಸಿಡುವ ಫೈಲ್ ವ್ಯವಸ್ಥೆಗೂ ನಡುವೆ ನಿಂತು ಎರಡನ್ನೂ ಮಾತಾಡಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಹೊಂದಿಸುವುದು ನನ್ನ ಕೆಲಸ. ಯಾವ ಚಿಪ್ಪು, ಅದರಲ್ಲಿ ಬ್ಲಾಕು ಎಂಬ ಖಾನೆಗಳು ಎಷ್ಟು, ಯಾವ ಭಾಗ ಯಾವುದಕ್ಕೆ, ಓದುವಾಗ ತಪ್ಪಿದರೆ ತಿದ್ದುವುದು ಹೇಗೆ ಎಂದೆಲ್ಲ ನಾನು ಬರೆದುಕೊಡಬೇಕು. ಎಲ್ಲ ಸರಿಯಿದ್ದಾಗ ಇಂಥದೊಂದು ಕೆಲಸ ಇದೆ ಎಂದೇ ಯಾರಿಗೂ ನೆನಪಾಗುವುದಿಲ್ಲ.

ಇಲವಾಲದಿಂದ ಆಚೆ ಒಂದು ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ದಿನ ಬೆಳಿಗ್ಗೆ ತಪಾಸಣೆಗೆ ಬಂದ ಅಧಿಕಾರಿ ಪೆಟ್ಟಿಗೆ ನೋಡಿದರೆ ಅದು ಖಾಲಿ. ಅವತ್ತಿನ ಬೆಳಗಿಗಿಂತ ಹಿಂದಿನದೇನೂ ಅದರಲ್ಲಿ ಇರಲಿಲ್ಲ. ಫ್ರಿಜ್ಜು ತಂಪಾಗಿಯೇ ಇತ್ತು ಎನ್ನಲು ದಾಖಲೆಯಿಲ್ಲದ ಲಸಿಕೆಯನ್ನು ಮಕ್ಕಳಿಗೆ ಚುಚ್ಚುವ ಹಾಗಿಲ್ಲ. ಇದ್ದಷ್ಟನ್ನೂ ಎಸೆದರು, ತಾಯಂದಿರನ್ನು ವಾಪಸ್ ಕಳಿಸಿದರು. ಅಲ್ಲಿನ ನರ್ಸ್ ಹಿಂದಿನ ರಾತ್ರಿ ಫ್ರಿಜ್ಜು ಆರಿಸಿ ಮರೆತಿದ್ದಾರೆ, ಗೊತ್ತಾಗಬಾರದು ಎಂದು ಪೆಟ್ಟಿಗೆಯ ಪ್ಲಗ್ ಕಿತ್ತು ಕಿತ್ತು ದಾಖಲೆ ಹಾಳುಮಾಡಿದ್ದಾರೆ ಎಂದು ನೋಟಿಸ್ ಹೊರಟಿತು. ಅವರದು ಗುತ್ತಿಗೆ ನೌಕರಿ. ಮುಂದುವರಿಸಬೇಕೋ ಬೇಡವೋ ಎಂಬುದು ನಮ್ಮ ವರದಿ ಕೈಸೇರಿದ ಮೇಲೆ ತೀರ್ಮಾನವಾಗುವುದಿತ್ತು.

“ಪೆಟ್ಟಿಗೆ ನೋಡ್ದೇನೇ ಸಹಿ ಹಾಕೋದಾ ಸರ್?” ಎಂದು ಮ್ಯಾನೇಜರನ್ನು ಕೇಳಿದೆ.

“ನೋಡೋಕೆ ಏನಿದೆ ಮೇಡಂ? ಹಳ್ಳಿ ಕಡೆಯೋರು, ಮೊಬೈಲ್ ಚಾರ್ಜಿಗೆ ಹಾಕೋಕೆ ನಮ್ ಪ್ಲಗ್ ಕೀಳ್ತಾರೆ. ಗೊತ್ತಿರೋದೇ ಅಲ್ವಾ? ಇದೊಂದು ಫಾರ್ಮಾಲಿಟಿ ಅಷ್ಟೆ, ಹಾಕ್ಬುಡಿ.”

ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ. ಲಕ್ಷ್ಮೀಪುರಂನ ತಮ್ಮ ಮನೆಯ ಹಿತ್ತಿಲಲ್ಲಿ ಬೆಳೆದ ಕರಿಬೇವನ್ನು ಕಟ್ಟು ಕಟ್ಟಿ ಎಲ್ಲರಿಗೂ ಹಂಚುವವರು. ಆದರೆ ‘ಹಳ್ಳಿ ಕಡೆಯೋರು’ ಎಂಬ ಮಾತು ನನಗೆ ಚುಚ್ಚಿತು. ನನ್ನ ಅಪ್ಪ ಅಮ್ಮ ಇಬ್ಬರೂ ಹಳ್ಳಿ ಕಡೆಯವರೇ. ಆ ಎರಡು ಪದಗಳ ಕೆಳಗೆ ಏನೇನು ಅಡಗಿ ಕೂತಿರುತ್ತದೆ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ವರದಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಮರುದಿನ ಸ್ಕೂಟರ್ ಹತ್ತಿ ಹುಣಸೂರು ರಸ್ತೆ ಹಿಡಿದೆ.

ನನ್ನನ್ನು ಕಂಡು ಆ ನರ್ಸ್, ಎಲ್ಲರ ಬಾಯಲ್ಲಿ ಸಿಸ್ಟರ್, ಎದ್ದು ನಿಲ್ಲಲಿಲ್ಲ. ನಡುವಯಸ್ಸಿನ ಹೆಂಗಸು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ. ಮೇಜಿನ ಮೇಲೆ ಮಕ್ಕಳ ಕಾರ್ಡು ಜೋಡಿಸುತ್ತಲೇ ಮಾತಾಡಿದರು.

“ಕಂಪನಿಯೋರಾ? ಯಾಕೆ, ಬರಿಯೋದು ಇನ್ನೂ ಏನಾದ್ರೂ ಬಾಕಿ ಇದ್ಯಾ?”

“ಇನ್ನೂ ಏನೂ ಬರ್ದಿಲ್ಲ ಸಿಸ್ಟರ್. ಪೆಟ್ಟಿಗೆ ತಗೊಂಡೋಗೋಣ ಅಂತ ಬಂದೆ.”

“ತಗೊಂಡೋಗಿ. ಡಾಕ್ಟ್ರು ಒಂದು ಕ್ಷಮಾಪಣೆ ಪತ್ರ ಬರ್ಕೊಡಿ, ಮುಗ್ದೋಗತ್ತೆ ಅಂತಾವ್ರೆ. ಮಾಡ್ದೇ ಇರೋದಕ್ಕೆ ನಾನ್ಯಾಕೆ ಬರ್ಕೊಡ್ಲಿ? ಭಾನುವಾರ ಪೂಜೆಗೆ ಹೋದ್ರೆ ಚರ್ಚಿನ ಬಾಗ್ಲಲ್ಲೇ ಕೇಳ್ತಾರೆ, ಮಕ್ಕಳ ಲಸಿಕೆ ಹಾಳ್ ಮಾಡ್ಬುಟ್ಯಂತೆ ಅಂತ. ಕೆಲಸ ಹೋದ್ರೆ ಹೋಗ್ಲಿ, ಬರಿಯಲ್ಲ.”

ಅಷ್ಟರಲ್ಲಿ ಟ್ಯೂಬ್‌ಲೈಟು ಮಂಕಾಯಿತು. ಫ್ರಿಜ್ಜಿನ ಪಕ್ಕದ ಸ್ಟೆಬಿಲೈಜರ್ ಟಕ್ ಎಂದಿತು. ನಮ್ಮ ಪೆಟ್ಟಿಗೆಯ ದೀಪ ಆರಿ, ತುಸು ಹೊತ್ತಿಗೆ ಮತ್ತೆ ಹತ್ತಿಕೊಂಡು ಮೊದಲಿನಿಂದ ಶುರುವಾಯಿತು. ಯಾರೂ ಪ್ಲಗ್ ಮುಟ್ಟಿರಲಿಲ್ಲ.

“ದಿನಾ ಇದೇ ಕಥೆ ಕಣಮ್ಮ,” ಎಂದರು ಸಿಸ್ಟರ್. “ಸುತ್ತಮುತ್ತ ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ಟಾಗ ವೋಲ್ಟೇಜ್ ಬೀಳತ್ತೆ. ಇದು ಒಂದ್ಸಲ ಸತ್ತು ಹುಟ್ಟತ್ತೆ. ಫ್ರಿಜ್ಜಿಗೇನೂ ಆಗಲ್ಲ, ಅದ್ರೊಳಗೆ ಐಸ್ ತುಂಬಿರತ್ತೆ.”

ಪೆಟ್ಟಿಗೆಯನ್ನು ತಂದು ಬಿಚ್ಚಿದೆ. ಇಂಥ ಹೊತ್ತಿನಲ್ಲಿ ಮೊದಲ ನಿಯಮ, ಅದನ್ನು ಮಾಮೂಲಿನಂತೆ ಚಾಲೂ ಮಾಡಬಾರದು. ಚಾಲೂ ಆದರೆ ಅದು ಮತ್ತೆ ಬರೆಯುತ್ತದೆ, ಬರೆದರೆ ಹಳೆಯ ಕುರುಹು ಹೋಗುತ್ತದೆ. ಸೀರಿಯಲ್ ತಂತಿ ಸಿಕ್ಕಿಸಿ, ಕರೆಂಟ್ ಕೊಟ್ಟ ಕೂಡಲೇ ಕೀಲಿ ಒತ್ತಿ, ಉಳಿದೆಲ್ಲಕ್ಕಿಂತ ಮೊದಲು ಏಳುವ ಬೂಟ್‌ಲೋಡರಿನಲ್ಲೇ ಅದನ್ನು ತಡೆದು ನಿಲ್ಲಿಸಿದೆ. ಅಲ್ಲಿಂದ ಇಡೀ ಫ್ಲ್ಯಾಶನ್ನು ನನ್ನ ಕಂಪ್ಯೂಟರಿಗೆ ನಕಲು ಇಳಿಸಿಕೊಂಡೆ.

ಫೈಲ್ ವ್ಯವಸ್ಥೆ ಹೊಚ್ಚ ಹೊಸದಾಗಿತ್ತು. ಆ ತಪಾಸಣೆಯ ಬೆಳಿಗ್ಗೆಯೇ ಅದು ಹುಟ್ಟಿತ್ತು. ಅಂದರೆ ದಾಖಲೆ ತಾನಾಗಿ ಉದುರಿಹೋಗಿರಲಿಲ್ಲ, ಯಾರೋ ಫಾರ್ಮ್ಯಾಟ್ ಮಾಡಿದ್ದರು. ಯಾರು ಎಂದು ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಪೆಟ್ಟಿಗೆ ಏಳುವಾಗಲೆಲ್ಲ ಓಡುವ ನಮ್ಮದೇ ಚಾಲನಾ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಕೂತಿತ್ತು: ಫೈಲ್ ವ್ಯವಸ್ಥೆ ತೆರೆಯದಿದ್ದರೆ ಫಾರ್ಮ್ಯಾಟ್ ಮಾಡಿ ಮುಂದುವರಿ. ಕಾರ್ಖಾನೆಯಲ್ಲಿ ಹೊಸ ಪೆಟ್ಟಿಗೆಯನ್ನು ಮೊದಲ ಸಲ ಚಾಲೂ ಮಾಡುವಾಗಿನ ಅನುಕೂಲಕ್ಕೆಂದು ಸೇರಿಸಿದ್ದು ಅದು. ಆಮೇಲೆ ತೆಗೆಯುವುದು ಯಾರಿಗೂ ನೆನಪಾಗಿಲ್ಲ. ಬಾಗಿಲು ತೆರೆಯದಿದ್ದರೆ ಮನೆ ಕೆಡವಿ ಹೊಸದು ಕಟ್ಟು ಎಂದು ಮನೆಕಾಯುವವನಿಗೆ ಹೇಳಿಹೋದಂತೆ.

ಉಳಿದದ್ದು ಒಂದೇ ಪ್ರಶ್ನೆ. ಬಾಗಿಲು ಯಾಕೆ ತೆರೆಯಲಿಲ್ಲ?

ಕರೆಂಟ್ ಹೋಗಿ ಬಂದದ್ದರಿಂದ ಇರಬೇಕು ಎಂದುಕೊಂಡು ಒಂದು ರಿಲೇ ಕಟ್ಟಿ, ಪೆಟ್ಟಿಗೆಯೊಳಗೆ ಇರುವಂಥದ್ದೇ ಆದ ನನ್ನ ಮೇಜಿನ ಪರೀಕ್ಷಾ ಬೋರ್ಡಿಗೆ ಕರೆಂಟ್ ಕೊಡು, ಕೀಳು, ಕೊಡು, ಕೀಳು ಎಂದು ಬಿಟ್ಟೆ. ಬರೆಯುವ ಮಧ್ಯದಲ್ಲೇ ಕಿತ್ತೆ, ಅಳಿಸುವ ಮಧ್ಯದಲ್ಲಿ ಕಿತ್ತೆ. ದಿನಗಟ್ಟಲೆ ಆ ರಿಲೇ ಗಡಿಯಾರದ ಹಾಗೆ ಟಿಕ್ಕೆನ್ನುತ್ತಲೇ ಇತ್ತು. ಬೋರ್ಡು ಒಂದು ಸಲವೂ ತಪ್ಪಲಿಲ್ಲ. ಪ್ರತಿ ಸಲ ಎದ್ದು ನಿಂತು ದಾಖಲೆಯನ್ನು ಪೂರ್ತಿ ಒಪ್ಪಿಸಿತು.

ಮ್ಯಾನೇಜರ್ ಬಂದು ನೋಡಿ ಖುಷಿಪಟ್ಟರು. “ನೋಡಿದ್ರಾ? ನಮ್ ಪೆಟ್ಟಿಗೆ ಕಲ್ಲಿನ ಹಾಗಿದೆ. ಅಲ್ಲಿಗೆ ಅವ್ರೇ ಏನೋ ಕಿತಾಪತಿ ಮಾಡಿದಾರೆ ಅಂತಾಯ್ತಲ್ಲ. ಈ ಟೆಸ್ಟನ್ನೂ ವರದಿಗೆ ಸೇರಿಸ್ಬುಡಿ.”

ನನಗೆ ನನ್ನ ಮೇಲೇ ಸಿಟ್ಟು ಬಂತು. ಸಿಸ್ಟರನ್ನು ಬಿಡಿಸಲು ಹೊರಟವಳು ಅವರ ವಿರುದ್ಧ ಸಾಕ್ಷಿ ತಯಾರಿಸಿ ಕೊಟ್ಟ ಹಾಗಾಗಿತ್ತು. ಅವತ್ತು ರಾಮಕೃಷ್ಣನಗರದ ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕೇಳಿದರು, “ಸಹಿ ಹಾಕ್ಬುಟ್ಯಾ?” ಇಲ್ಲ ಎಂದೆ. “ಸರಿ, ಕೈಕಾಲ್ ತೊಳ್ಕೊ,” ಎಂದರು. ಅದಕ್ಕಿಂತ ಹೆಚ್ಚಿನ ಬೆಂಬಲ ಅಮ್ಮನ ಬಾಯಿಂದ ಎಂದೂ ಬಂದಿಲ್ಲ, ನನಗೆ ಬೇಕಾಗಿಯೂ ಇಲ್ಲ.

ಬೆಳಿಗ್ಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಕೂತೆ, ನನ್ನ ಬೋರ್ಡು ಮತ್ತು ಅವರ ಪೆಟ್ಟಿಗೆ. ತಂತ್ರಾಂಶ ಒಂದೇ, ಚಿಪ್ಪು ಒಂದೇ ಬಗೆಯದು. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೇ. ಅವರ ಪೆಟ್ಟಿಗೆಯ ಮೇಲೆ ಹಸಿರು ಸ್ಟಿಕ್ಕರ್ ಇತ್ತು: ‘ದೋಷರಹಿತ ಮೆಮೊರಿ’. ನನ್ನದು ನಾನೇ ಕೈಯಾರೆ ತಂತ್ರಾಂಶ ತುಂಬಿದ ಬೋರ್ಡು. ಅದು ಕಾರ್ಖಾನೆಯ ಜೋಡಣೆ ಲೈನಿಗೆ ಹೋಗಿಯೇ ಇರಲಿಲ್ಲ, ಸ್ಟಿಕ್ಕರೂ ಇರಲಿಲ್ಲ.

ಈ ಬಗೆಯ ಫ್ಲ್ಯಾಶ್ ಚಿಪ್ಪು ದೋಷರಹಿತವಾಗಿ ಹುಟ್ಟುವುದು ಅಪರೂಪ. ಸಾವಿರಾರು ಬ್ಲಾಕುಗಳಲ್ಲಿ ಕೆಲವು ಹುಟ್ಟುವಾಗಲೇ ಕೆಟ್ಟಿರುತ್ತವೆ. ತಯಾರಕರು ಬಿಸಿಯಲ್ಲಿ, ಚಳಿಯಲ್ಲಿ ಪರೀಕ್ಷಿಸಿ ಅಂಥ ಒಂದೊಂದು ಬ್ಲಾಕಿನ ಮೂಲೆಯಲ್ಲೂ ಒಂದು ಗುರುತು ಹಾಕಿ ಕಳಿಸುತ್ತಾರೆ. ಡ್ರೈವರ್ ಆ ಗುರುತು ಓದಿ, ಗುಂಡಿ ತಪ್ಪಿಸಿ ಗಾಡಿ ಓಡಿಸುವ ಹಾಗೆ ಅವನ್ನು ತಪ್ಪಿಸಿ ನಡೆಯುತ್ತದೆ. ನನ್ನ ಬೋರ್ಡಿನಲ್ಲಿ ಅಂಥ ಗುರುತು ಹಲವಾರಿದ್ದವು. ಅವರ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ, ಅದೂ ಆ ಬೆಳಿಗ್ಗೆಯ ಫಾರ್ಮ್ಯಾಟಿನಲ್ಲಿ ಬಿದ್ದದ್ದು. ಉಗ್ರಾಣಕ್ಕೆ ಹೋಗಿ ಇನ್ನೂ ಸೀಲು ಒಡೆಯದ ಟ್ರೇಯಿಂದ ಚಿಪ್ಪುಗಳನ್ನು ಇಸಿದುಕೊಂಡು ಓದಿಸಿದೆ. ಓದಿಸಿದ್ದರಲ್ಲೆಲ್ಲ ಗುರುತುಗಳಿದ್ದವು. ಗುರುತಿನೊಂದಿಗೆ ಲೈನಿಗೆ ಹೋದ ಚಿಪ್ಪು ಹೊರಗೆ ಬರುವಾಗ ಬೋಳಾಗಿ ಬರುತ್ತಿತ್ತು.

ಲೈನ್ ಸೂಪರ್‌ವೈಸರ್ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಅವರ ಲೈನಿನಲ್ಲಿ ಒಂದು ಎಳೆ ಕೂದಲು ಬಿದ್ದಿದ್ದರೂ ತೋರಿಸಿ ಎಂದು ಸವಾಲು ಹಾಕುವವರು. ಅವರ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಬೋರ್ಡು ಸಿಕ್ಕಿಸಿದರು, ಗುಂಡಿ ಒತ್ತಿದರು. ಪರದೆಯ ಮೇಲೆ ಮೊದಲು ಓಡಿದ ಆದೇಶ ನೋಡಿ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅದು ಸ್ಕ್ರಬ್ ಎಂಬ ಆದೇಶ. ಸಾಮಾನ್ಯವಾಗಿ ಅಳಿಸುವಾಗ ಕೆಟ್ಟ ಬ್ಲಾಕುಗಳನ್ನು ಮುಟ್ಟದೆ ಬಿಡುತ್ತೇವೆ. ಸ್ಕ್ರಬ್ ಹಾಗಲ್ಲ. ಅದು ತಯಾರಕರ ಗುರುತನ್ನೂ ಸೇರಿಸಿ ಉಜ್ಜಿ ತೆಗೆಯುತ್ತದೆ. ಹಾಗೆ ಮಾಡುವ ಮೊದಲು ಬೂಟ್‌ಲೋಡರ್ ಎಚ್ಚರಿಕೆ ಕೊಟ್ಟು, ನಿಜಕ್ಕೂ ಬೇಕಾ ಎಂದು ಕೇಳುತ್ತದೆ. ನಮ್ಮ ಸ್ಕ್ರಿಪ್ಟು ಅದರ ಪ್ರಶ್ನೆ ಮುಗಿಯುವ ಮೊದಲೇ ಹೌದು ಎಂದು ಉತ್ತರಿಸುತ್ತಿತ್ತು.

“ಇದನ್ನ ಯಾವಾಗಿಂದ ಮಾಡ್ತಿದೀರಾ ಸರ್?”

“ಸುಮಾರ್ ದಿನದಿಂದ. ಮೊದ್ಲೆಲ್ಲ ಟೆಸ್ಟಲ್ಲಿ ಬೋರ್ಡು ಫೇಲ್ ಆಗ್ತಿದ್ವು ಮೇಡಂ. ಒಂದು ಕೆಟ್ಟ ಬ್ಲಾಕೂ ಇರಬಾರ್ದು ಅಂತ ಆರ್ಡರ್ ಆಗಿತ್ತಲ್ಲ. ಆಮೇಲೆ ಈ ಆದೇಶ ಸಿಕ್ತು. ಎಲ್ಲಾ ಪಾಸು. ಹೊಸ ಪಾತ್ರೆ ತಂದ್ರೆ ತೊಳೀದೇ ಒಲೆ ಮೇಲೆ ಇಡ್ತೀರಾ ನೀವು? ನಮ್ಮಪ್ಪ ಮದುವೆ ಅಡುಗೆ ಮಾಡೋರು ಕಣಮ್ಮ. ತೊಳೀದೆ ಏನನ್ನೂ ಮುಟ್ತಿರ್ಲಿಲ್ಲ.”

ಈ ಸಾಧನೆಗೆ ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು ಹೊದಿಸಿದ್ದರು. ಸ್ಟಿಕ್ಕರ್ ಬಂದದ್ದೂ ಆವಾಗಲೇ. ಒಂದೂ ಕೆಟ್ಟ ಬ್ಲಾಕ್ ಇರಬಾರದು ಎಂಬ ನಿಯಮ ಮಾಡಿದವರು ಮ್ಯಾನೇಜರ್. ಚಿಪ್ಪು ಎಂದರೇನು ಎಂದು ತಿಳಿಯದ ಗ್ರಾಹಕರಿಗೆ ಕೇಳಲು ಅದು ಚೆಂದ.

ನಾನು ವಿವರಿಸಿದೆ. ಗುರುತು ಹೋದ ಮೇಲೆ ಡ್ರೈವರಿಗೆ ಆ ಬ್ಲಾಕೂ ಒಳ್ಳೆಯದಾಗಿಯೇ ಕಾಣುತ್ತದೆ. ದಾಖಲೆಯನ್ನು ಅಲ್ಲಿಯೂ ಬರೆಯುತ್ತದೆ. ಬರೆದದ್ದು ಮೊದಮೊದಲು ನಿಲ್ಲುತ್ತದೆ, ಬರಬರುತ್ತಾ ಮಾಸುತ್ತದೆ. ಒಂದು ದಿನ ವೋಲ್ಟೇಜ್ ಬಿದ್ದು ಪೆಟ್ಟಿಗೆ ಮತ್ತೆ ಎದ್ದು ಓದಲು ಹೋದಾಗ ಓದಲಾಗುವುದಿಲ್ಲ, ಫೈಲ್ ವ್ಯವಸ್ಥೆ ತೆರೆಯುವುದಿಲ್ಲ. ಆಗ ಆ ದರಿದ್ರ ಸಾಲು ಎಲ್ಲವನ್ನೂ ಅಳಿಸುತ್ತದೆ.

ಸೂಪರ್‌ವೈಸರ್ ಬೋರ್ಡನ್ನು ಬಿಡಿಸಿ ಕೈಗೆ ತೆಗೆದುಕೊಂಡರು. “ಅಂಗಾದ್ರೆ ನಾನ್ ತೊಳ್ದಿದ್ದು ಕೊಳೆ ಅಲ್ವಾ?”

“ಅಲ್ಲ ಸರ್. ಗುರುತು.”

ಅವರು ಕೈಕವಚ ತೆಗೆದಿಟ್ಟು ಲೈನ್ ನಿಲ್ಲಿಸಿದರು. ಯಾರ ಅಪ್ಪಣೆಗೂ ಕಾಯಲಿಲ್ಲ. ಅವರ ಮೇಲೆ ನನಗಿದ್ದ ಕೋಪ ಅಲ್ಲಿಗೆ ಇಳಿಯಿತು.

ಮ್ಯಾನೇಜರ್ ಕೋಣೆಯಲ್ಲಿ ಅದು ಮತ್ತೆ ಏರಿತು. ಅವರು ಎಲ್ಲವನ್ನೂ ಕೇಳಿಸಿಕೊಂಡು, ಬಾಗಿಲು ಹಾಕಿಬಂದು, ದನಿ ತಗ್ಗಿಸಿದರು.

“ಮೇಡಂ, ಅಳಿಸಿದ ಗುರುತು ವಾಪಸ್ ಬರತ್ತಾ?”

“ಖಾತ್ರಿಯಾಗಿ ಬರಲ್ಲ ಸರ್. ಹೊರಗಿರೋ ಪೆಟ್ಟಿಗೆನೆಲ್ಲ ತರಿಸ್ಬೇಕು.”

“ಅದನ್ನೇ ಹೇಳ್ತಿರೋದು. ಇದು ಆಚೆ ಹೋದ್ರೆ ಕಂಪನಿ ಉಳಿಯಲ್ಲ. ಮುಂದಿನ ಸರ್ವೀಸಲ್ಲಿ ಸದ್ದಿಲ್ದೆ ಒಂದೊಂದಾಗಿ ಬದಲಾಯಿಸೋಣ. ಈ ವರದಿ ಮಾತ್ರ ಹೇಗಿದ್ಯೋ ಹಾಗೇ ಹೋಗ್ಲಿ.”

“ಸಿಸ್ಟರ್ ಕೆಲಸ?”

“ಅದು ಅವ್ರ ಇಲಾಖೆ ವಿಷ್ಯ. ನಮಗ್ಯಾಕೆ?”

ಬ್ಯಾಗಿನಿಂದ ವರದಿ ತೆಗೆದು ಅವರ ಮೇಜಿನ ಮೇಲಿಟ್ಟೆ. “ನಾನು ಸಹಿ ಹಾಕಲ್ಲ ಸರ್. ಬೇಕಾದ್ರೆ ನನ್ನ ಹೆಸ್ರು ಹೊಡ್ದಾಕಿ ನಿಮ್ದು ಹಾಕ್ಕೊಳಿ. ಡ್ರೈವರ್ ಸರಿಯಾಗೋ ತನಕ ಒಂದು ಪೆಟ್ಟಿಗೆ ಕಳ್ಸೋಕೂ ಒಪ್ಪಿಗೆ ಕೊಡಲ್ಲ.” ಅವರು ಪೆನ್ನು ಕೈಗೆ ತೆಗೆದುಕೊಂಡರು, ಕ್ಯಾಪ್ ತೆಗೆದರು, ಮತ್ತೆ ಹಾಕಿದರು. ಮಾರನೆಯ ದಿನ ನನಗೊಂದು ನೋಟಿಸ್ ಬಂತು, ಅವಿಧೇಯತೆ ಎಂದು. ಓದಿ ಮಡಚಿ, ರಿಲೇ ಬೋರ್ಡಿನ ಗಿಡ್ಡ ಕಾಲಿನ ಕೆಳಗೆ ಇಟ್ಟೆ. ಅದು ಬಹಳ ದಿನದಿಂದ ಅಲ್ಲಾಡುತ್ತಿತ್ತು.

ಮೊದಲು ಡ್ರೈವರನ್ನು ಹೊಂದಿಸಿದೆ. ಸ್ಕ್ರಬ್ ಆದೇಶವನ್ನು ಬೂಟ್‌ಲೋಡರಿನಿಂದಲೇ ಕಿತ್ತುಹಾಕಿದೆ. ಕೆಟ್ಟ ಬ್ಲಾಕುಗಳ ಪಟ್ಟಿಯನ್ನು ಫ್ಲ್ಯಾಶಿನ ಕೊನೆಯಲ್ಲಿ ಎರಡು ಪ್ರತಿ ಮಾಡಿ ಇರಿಸಿದೆ. ಚಿಪ್ಪಿನ ಕೈಪಿಡಿ ಕೇಳುವಷ್ಟು ಗಟ್ಟಿಯಾದ ತಪ್ಪು ತಿದ್ದುವ ಕೋಡನ್ನು ಚಾಲೂ ಮಾಡಿದೆ. ಫಾರ್ಮ್ಯಾಟಿನ ಸಾಲಿದ್ದ ಜಾಗದಲ್ಲಿ ಬೇರೆ ಬರೆದೆ: ಫೈಲ್ ವ್ಯವಸ್ಥೆ ತೆರೆಯದಿದ್ದರೆ ಏನನ್ನೂ ಮುಟ್ಟಬೇಡ, ಅದನ್ನು ಹಾಗೇ ಕಾದಿಡು, ಮೀಸಲು ಭಾಗದಲ್ಲಿ ಬರೆಯುತ್ತಾ ಹೋಗು, ಕೆಂಪು ದೀಪ ಹಚ್ಚಿ ಕೂಗು.

ಇಷ್ಟರಿಂದ ಮುಂದಿನ ಪೆಟ್ಟಿಗೆಗಳು ಉಳಿಯುತ್ತವೆ, ಸಿಸ್ಟರ್ ಉಳಿಯುವುದಿಲ್ಲ. ‘ಹೀಗೂ ಆಗಿರಬಹುದು’ ಎಂದು ನಾನು ಬರೆದರೆ ‘ಹಾಗೂ ಆಗಿರಬಹುದಲ್ಲ’ ಎಂದು ಯಾರಾದರೂ ಹೇಳುತ್ತಾರೆ. ಹಿಂದಿನ ರಾತ್ರಿ ಫ್ರಿಜ್ಜು ತಂಪಾಗಿತ್ತೇ ಎಂಬುದಕ್ಕೆ ಉತ್ತರ ಬೇಕಿತ್ತು, ಉತ್ತರವೋ ಅಳಿಸಿಹೋಗಿತ್ತು.

ಆ ಒಂದೇ ಒಂದು ಗುರುತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಫಾರ್ಮ್ಯಾಟ್ ಆಗುವಾಗ ಒಂದು ಬ್ಲಾಕಿಗೆ ಕೆಟ್ಟದ್ದು ಎಂದು ಗುರುತು ಬಿದ್ದಿದೆ ಎಂದರೆ ಏನರ್ಥ? ಅಳಿಸಲು ಹೋದರು, ಅದು ಅಳಿಸಿಕೊಳ್ಳಲಿಲ್ಲ ಎಂದರ್ಥ. ಅಳಿಸಿಕೊಳ್ಳದಿದ್ದರೆ ಅದರೊಳಗಿದ್ದದ್ದು ಅಲ್ಲೇ ಇರಬೇಕು. ನನ್ನ ನಕಲಿನಲ್ಲಿ ಹುಡುಕಿದರೆ ಆ ಬ್ಲಾಕೇ ಇಲ್ಲ. ನಕಲಿಳಿಸುವ ಆದೇಶ ಕೆಟ್ಟ ಬ್ಲಾಕುಗಳನ್ನು ಹಾರಿಸಿ ಓದುವುದು ವಾಡಿಕೆ. ನಾನೂ ವಾಡಿಕೆಯಂತೆಯೇ ಓದಿಸಿದ್ದೆ. ಈ ಸಲ ಹಾರಿಸಬೇಡ, ತಿದ್ದಲೂ ಬೇಡ, ಇದ್ದದ್ದು ಇದ್ದ ಹಾಗೆ ಕೊಡು ಎಂದು ಹೇಳಿ ಆ ಬ್ಲಾಕೊಂದನ್ನೇ ಓದಿಸಿದೆ.

ತುಂಬಿತ್ತು.

ಓದಿದಷ್ಟು ಸಲವೂ ಅಲ್ಲಲ್ಲಿ ಒಂದೊಂದು ಬಿಟ್ ಬೇರೆಯಾಗಿ ಬರುತ್ತಿತ್ತು. ಹಾಗಾಗಿ ಮತ್ತೆ ಮತ್ತೆ ಓದಿಸಿ, ಪ್ರತಿ ಬಿಟ್ಟಿಗೂ ಹೆಚ್ಚು ಸಲ ಬಂದ ಉತ್ತರವನ್ನೇ ಇಟ್ಟುಕೊಂಡೆ. ಫೈಲ್ ವ್ಯವಸ್ಥೆ ತಾನು ಬರೆಯುವ ಒಂದೊಂದು ತುಣುಕಿನ ಜೊತೆಗೂ ತಾಳೆ ನೋಡಲು ಒಂದು ಮೊತ್ತ ಇಟ್ಟಿರುತ್ತದೆ. ತಾಳೆಯಾಗದ ತುಣುಕುಗಳನ್ನು ಮುಲಾಜಿಲ್ಲದೆ ಬಿಟ್ಟೆ. ತಾಳೆಯಾದವನ್ನು ಬಿಚ್ಚಿ ಸಾಲಾಗಿ ಜೋಡಿಸಿದೆ. ನಡುನಡುವೆ ಹರಿದಿತ್ತು, ಆದರೆ ಹಿಂದಿನ ಸಂಜೆಯಿಂದ ಮರುದಿನ ಬೆಳಿಗ್ಗೆ ವೋಲ್ಟೇಜ್ ಬಿದ್ದ ಗಳಿಗೆಯವರೆಗಿನ ಅಳತೆಗಳು ಸಾಕಷ್ಟು ಸಿಕ್ಕವು. ರಾತ್ರಿಯಿಡೀ ಫ್ರಿಜ್ಜು ನಾಲ್ಕು ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಪೆಟ್ಟಿಗೆಯ ಬಾಗಿಲು ತೆರೆಯದಂತೆ ಮಾಡಿದ್ದೂ ಅದೇ ಬ್ಲಾಕು, ಅಳಿಸಲು ಹೋದಾಗ ಒಪ್ಪದೆ ಉಳಿಸಿಕೊಂಡದ್ದೂ ಅದೇ. ನಾನು ಖುರ್ಚಿಯಲ್ಲಿ ಹಿಂದಕ್ಕೆ ಒರಗಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ನೋಟಿಸ್ ಬಂದ ದುಃಖಕ್ಕೆ ನನಗೆ ಹೀಗಾಗಿದೆ ಎಂದುಕೊಂಡರು.

ಹೊಸ ವರದಿ ಬರೆದೆ. ಸ್ಕ್ರಬ್, ಸ್ಟಿಕ್ಕರ್, ಫಾರ್ಮ್ಯಾಟಿನ ಸಾಲು, ಸಿಕ್ಕ ಅಳತೆಗಳು, ಸಿಗದ ಅಳತೆಗಳು, ಹೊರಗಿರುವ ಎಲ್ಲ ಪೆಟ್ಟಿಗೆಗಳ ಗತಿ, ಯಾವುದನ್ನೂ ಬಿಡಲಿಲ್ಲ. ಸಹಿ ಹಾಕಿದೆ. ತಪಾಸಣಾ ಅಧಿಕಾರಿಗೂ ಕೇಂದ್ರದ ಡಾಕ್ಟರಿಗೂ ಕಳಿಸಿ, ಮ್ಯಾನೇಜರಿಗೆ ಒಂದು ಪ್ರತಿ ಕೊಟ್ಟೆ. ಅವರು ಓದಿ, ತಲೆಯೆತ್ತದೆ, “ನೀವು ನನ್ನ ಕೇಳ್ಬೇಕಿತ್ತು,” ಎಂದರು.

“ಕೇಳಿದ್ದೆ ಸರ್.”

ಹೊಸ ಡ್ರೈವರ್ ತುಂಬಿದ ಪೆಟ್ಟಿಗೆಯನ್ನು ಸೂಪರ್‌ವೈಸರ್ ಗುರುತು ಅಳಿಯದ ಚಿಪ್ಪು ಹಾಕಿಸಿ ಖುದ್ದಾಗಿ ಜೋಡಿಸಿಕೊಟ್ಟರು. ಸ್ಟಿಕ್ಕರ್ ಅಂಟಿಸಲಿಲ್ಲ. ಅದನ್ನು ಸ್ಕೂಟರಿನ ಮುಂದಿಟ್ಟುಕೊಂಡು ಮತ್ತೆ ಇಲವಾಲ ದಾಟಿ ಹೋದೆ.

ವರದಿ ನನಗಿಂತ ಮೊದಲೇ ತಲುಪಿತ್ತು. ಡಾಕ್ಟರು ಸಿಸ್ಟರ್ ಮೇಲಿನ ನೋಟಿಸ್ ವಾಪಸಾಗಿದೆ ಎಂದು ಹೇಳಿ, ನನಗೆ ಟೀ ತರಿಸಲು ಹೋದರು. ಸಿಸ್ಟರ್ ಈ ಸಲ ಎದ್ದು ಬಂದರು. ಮುಖ ಮಾತ್ರ ಸಡಿಲವಾಗಿರಲಿಲ್ಲ.

“ನೋಟಿಸ್ ಹೋಯ್ತು, ಸರಿ. ನನ್ನತ್ರ ಕೇಳ್ತಿದ್ರಲ್ಲ ಕ್ಷಮಾಪಣೆ ಪತ್ರ, ಅದನ್ನ ಈಗ ಯಾರು ಬರೀತಾರೆ?”

“ಬರ್ದು ತಂದಿದೀನಿ,” ಎಂದು ಕೊಟ್ಟೆ. ಕಂಪನಿಯ ಹಾಳೆಯ ಮೇಲೆ, ಕಂಪನಿಯ ಪರವಾಗಿ, ಕಂಪನಿಯ ಅಪ್ಪಣೆಯಿಲ್ಲದೆ ಬರೆದದ್ದು. ತಪ್ಪು ನಮ್ಮದು, ನಿಮ್ಮದಲ್ಲ, ನಿಮ್ಮ ಹೆಸರಿಗೆ ಮಸಿ ಬಳಿದದ್ದಕ್ಕೆ ಕ್ಷಮಿಸಿ ಎಂದಿತ್ತು.

ಅವರು ನಿಂತೇ ಎರಡು ಸಲ ಓದಿದರು. “ಇದಕ್ಕೆ ನಿಮ್ಮೋರು ಏನಂತಾರೆ?”

“ನಂಗೂ ಒಂದು ನೋಟಿಸ್ ಕೊಟ್ಟಿದಾರೆ ಸಿಸ್ಟರ್.”

ಆಗ ಅವರು ನಕ್ಕರು. ಪತ್ರ ಮಡಚಿ, “ಭಾನುವಾರ ಚರ್ಚಿಗೆ ತಗೊಂಡೋಗ್ತೀನಿ. ಬಾಗ್ಲಲ್ಲಿ ಕೇಳೋರಿಗೆ ಓದಕ್ಕೆ ಕೊಡ್ತೀನಿ,” ಎಂದು ಪರ್ಸಿನೊಳಗೆ ಇಟ್ಟುಕೊಂಡರು.

ಹೊಸ ಪೆಟ್ಟಿಗೆಯನ್ನು ಫ್ರಿಜ್ಜಿನ ಮೇಲೆ ಕೂರಿಸಿದೆ. ಹಸಿರು ದೀಪ ಹತ್ತಿತು, ಅಂಕಿಗಳು ಬರತೊಡಗಿದವು. ಒಂದಿಷ್ಟು ಹೊತ್ತು ಇಬ್ಬರೂ ಟೀ ಕುಡಿಯುತ್ತಾ ಅದನ್ನೇ ನೋಡಿದೆವು. ಆಮೇಲೆ ಸಿಸ್ಟರ್ ಲೋಟ ಕೆಳಗಿಟ್ಟು ಗೋಡೆಯ ಹತ್ತಿರ ಹೋದರು.

“ನಾನೇ ಕಿತ್ತೆ ಅಂದ್ರಲ್ಲ,” ಎಂದರು. “ಒಂದ್ಸಲನೂ ಮುಟ್ಟಿರ್ಲಿಲ್ಲ ಕಣಮ್ಮ. ಈಗ ನಿಜ್ವಾಗ್ಲೂ ಕೀಳ್ತೀನಿ, ನೋಡಾಣ.”

ಪೆಟ್ಟಿಗೆಯ ಪ್ಲಗ್ಗನ್ನು ಎಳೆದು ಕಿತ್ತರು. ದೀಪ ಆರಿತು. ಮತ್ತೆ ಹಾಕಿದರು, ಕಿತ್ತರು, ಹಾಕಿದರು. ನಾನು ಬೇಡ ಎನ್ನಲಿಲ್ಲ. ಕೈ ಸೋಲುವ ತನಕ ಕಿತ್ತು ಹಾಕಿ, ಸೆರಗಿನಲ್ಲಿ ಬೆವರು ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತರು. ಪೆಟ್ಟಿಗೆ ಎದ್ದು, ತಾನು ಬರೆದಿಟ್ಟುಕೊಂಡದ್ದನ್ನೆಲ್ಲ ಮೊದಲ ಸಾಲಿನಿಂದ ತೋರಿಸುತ್ತಾ ಹೋಯಿತು.